ಆಪರೇಷನ್ ಆಯ್ತು, ಈಗ ಎದ್ದು ಕೂರಿ: ಕ್ಯಾನ್ಸರ್ ಮತ್ತು ಕಸಿ ವಾರ್ಡಿನ ಫಿಸಿಯೊಥೆರಪಿಸ್ಟ್ ಮಾಡೋ ಕೆಲಸ ಏನು?

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿ ಉಳಿಸಿಕೊಂಡು, ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ.)



ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ. ನನ್ನ ದೊಡ್ಡಪ್ಪನದು ಶಿವಮೊಗ್ಗ ಕಡೆ ಅಡಿಕೆ ತೋಟ. ನಲವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಬಾಯಲ್ಲೇ ಇತ್ತು. ಕೊನೆಗೆ ದವಡೆಯಲ್ಲಿ ಕ್ಯಾನ್ಸರ್. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹತ್ತು ಗಂಟೆ ಆಪರೇಷನ್ ನಡೀತು. ಐಸಿಯುನಿಂದ ವಾರ್ಡಿಗೆ ತಂದಾಗ ನೋಡಿದ್ರೆ ಕುತ್ತಿಗೆಯಲ್ಲಿ ಉಸಿರಾಟದ ಟ್ಯೂಬ್, ಮೂಗಲ್ಲಿ ಊಟದ ಟ್ಯೂಬ್, ಎರಡು ಡ್ರೈನ್, ಕೆಳಗೆ ಮೂತ್ರದ ಚೀಲ. ಜೊತೆಗೆ ಬಲಗಾಲಿಗೂ ದಪ್ಪ ಬ್ಯಾಂಡೇಜ್. ಬಾಯಿ ಆಪರೇಷನ್‌ಗೆ ಕಾಲಿಗ್ಯಾಕೆ ಕಟ್ಟು ಅಂತ ನಮ್ಮ ದೊಡ್ಡಮ್ಮ ಗಾಬರಿಯಾದ್ರು. ಕೆಟ್ಟ ದವಡೆ ಮೂಳೆ ತೆಗೆದು, ಆ ಜಾಗಕ್ಕೆ ಮೊಣಕಾಲಿನ ಕೆಳಗಿರೋ ಎರಡು ಮೂಳೆಗಳಲ್ಲಿ ತೆಳ್ಳಗಿನದನ್ನ ಕತ್ತರಿಸಿ ಕೂರಿಸಿದ್ರು.

ಮಾರನೇ ದಿನ ಬೆಳಗ್ಗೆ ಎಂಟೂವರೆಗೆ ಒಬ್ಬರು ಹುಡುಗಿ ವಾಕರ್ ಹಿಡ್ಕೊಂಡು ಬಂದ್ರು. ಹೆಚ್ಚುಕಮ್ಮಿ ನನ್ನ ವಯಸ್ಸು. 'ಅಂಕಲ್, ಇವತ್ತು ನಿಂತ್ಕೊಳ್ಳೋಣ' ಅಂದ್ರು. ದೊಡ್ಡಪ್ಪ ಕಣ್ಣು ಮುಚ್ಚಿದ್ರು. ನಾನು ಮಧ್ಯೆ ಬಾಯಿ ಹಾಕಿದೆ: 'ಮೇಡಂ, ರಾತ್ರಿಯೆಲ್ಲಾ ನಿದ್ದೆ ಇಲ್ಲ. ಪಾಪ, ಮಲಗಲಿ ಬಿಡಿ. ನಾಳೆ ನೋಡೋಣ.' ಅವರು ಸಿಟ್ಟಾಗಲಿಲ್ಲ. 'ನಿಮ್ಮ ಪಾಪ ಅನ್ನೋದೇ ನಮಗೆ ದೊಡ್ಡ ಕಷ್ಟ' ಅಂತ ನಕ್ಕು, ಟ್ಯೂಬುಗಳನ್ನ ಒಂದೊಂದಾಗಿ ಎಣಿಸೋಕೆ ಶುರು ಮಾಡಿದ್ರು.

ಫಿಸಿಯೊ ಅಂದ್ರೆ ಕ್ರಿಕೆಟ್ ಮೈದಾನಕ್ಕೆ ಬ್ಯಾಗ್ ಹಿಡ್ಕೊಂಡು ಓಡಿ ಬರೋರು, ಇಲ್ಲಾಂದ್ರೆ ಸೊಂಟನೋವಿಗೆ ಕರೆಂಟ್ ಕೊಡೋರು ಅಂದ್ಕೊಂಡಿದ್ದೆ. ಆಮೇಲೆ ಆ ವಾರ್ಡಲ್ಲಿ ಕಳೆದ ದಿನಗಳಲ್ಲಿ ಅವರ ಕೆಲಸ ನೋಡಿದೆ, ಈ ಸಂಚಿಕೆಗಾಗಿ ಮತ್ತೆ ಕೂತು ಮಾತಾಡಿದೆ, ಒಂದಿಷ್ಟು ಓದಿದೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ನಾನು ಬಿಕಾಂ ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಇದನ್ನ ಸಲಹೆ ಅಂತ ತಗೋಬೇಡಿ, ಅರ್ಥ ಮಾಡ್ಕೊಳ್ಳೋಕೆ ಕೇಳಿ.

ಮಲಗಿದ್ರೆ ಏನಾಗುತ್ತೆ?

ನಮ್ಮ ಮನೆಗಳಲ್ಲಿ ಕಾಯಿಲೆಗೆ ಮೊದಲ ಔಷಧ ವಿಶ್ರಾಂತಿ. ಜ್ವರಕ್ಕೆ ಅದು ಸರಿ ಇರಬಹುದು. ದೊಡ್ಡ ಆಪರೇಷನ್ ಆದವರಿಗೆ ಹಾಸಿಗೆಯೇ ಇನ್ನೊಂದು ಕಾಯಿಲೆ ಆಗಬಹುದು.

ಮೊದಲನೆಯದು ಮಾಂಸಖಂಡ. 2007ರಲ್ಲಿ ಅಮೆರಿಕದ 'ಜಾಮಾ' ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಬಂತು. ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನ 10 ದಿನ ಹಾಸಿಗೆಯಲ್ಲೇ ಇರಿಸಿದ್ರು. ಅಷ್ಟರಲ್ಲೇ ಕಾಲುಗಳಿಂದ ಹತ್ತಿರ ಹತ್ತಿರ 1 ಕಿಲೋದಷ್ಟು ಕೊಬ್ಬಲ್ಲದ ಅಂಶ, ಅಂದ್ರೆ ಬಹುಪಾಲು ಮಾಂಸಖಂಡ, ಕರಗಿಹೋಗಿತ್ತು. ಆರೋಗ್ಯವಾಗಿದ್ದವರ ಕಥೆಯೇ ಹೀಗಾದ್ರೆ, ತಿಂಗಳುಗಟ್ಟಲೆ ಸರಿಯಾಗಿ ಊಟ ಸೇರದೆ, ಕೀಮೋ ತಗೊಂಡು, ಆಮೇಲೆ ಆಪರೇಷನ್ ಆದವರ ಗತಿ? ಮಾಂಸಖಂಡವನ್ನ ಎಫ್‌ಡಿ ಅಂದ್ಕೊಳ್ಳಿ. ಇವರು ಆಸ್ಪತ್ರೆಗೆ ಬರೋ ಹೊತ್ತಿಗೇ ಅದರಲ್ಲಿ ಅರ್ಧ ಖರ್ಚಾಗಿರುತ್ತೆ. ಮಲಗಿದ ಪ್ರತಿ ದಿನವೂ ಉಳಿದಿದ್ದರಿಂದ ಡ್ರಾ ಮಾಡಿದ ಹಾಗೆ.

ಎರಡನೆಯದು ಶ್ವಾಸಕೋಶ. ಹೊಟ್ಟೆಯ ಮೇಲೆ ಉದ್ದದ ಹೊಲಿಗೆ ಇದ್ದಾಗ ಆಳವಾಗಿ ಉಸಿರೆಳೆದ್ರೆ ನೋವು. ಅದಕ್ಕೇ ರೋಗಿ ಮೇಲೆ ಮೇಲೆ ಚಿಕ್ಕ ಉಸಿರು ತಗೋತಾನೆ. ಗಾಳಿ ಹೋಗದ ಕೆಳಭಾಗದ ಗಾಳಿಚೀಲಗಳು ಮಡಚಿಕೊಳ್ಳುತ್ತವೆ, ಕಫ ಅಲ್ಲೇ ನಿಲ್ಲುತ್ತೆ. ಕೆಮ್ಮಿದ್ರೆ ಹೊಲಿಗೆ ಬಿಚ್ಚುತ್ತೇನೋ ಅನ್ನೋ ಭಯಕ್ಕೆ ಕೆಮ್ಮೋದನ್ನೂ ತಡೆಯುತ್ತಾರೆ. ಅಲ್ಲಿಂದ ನ್ಯುಮೋನಿಯಾಗೆ ದೂರವೇನಿಲ್ಲ.

ಮೂರನೆಯದು ರಕ್ತ. ಕಾಲಿನ ಮೀನಖಂಡ ಕುಗ್ಗಿದಾಗಲೆಲ್ಲ ಕೆಳಗಿನ ರಕ್ತವನ್ನ ಮೇಲಕ್ಕೆ ತಳ್ಳುತ್ತೆ. ಕಾಲಾಡಿಸದೆ ಮಲಗಿದ್ರೆ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಕ್ಯಾನ್ಸರ್ ಇದ್ದವರಲ್ಲಿ ಆ ಅಪಾಯ ಇನ್ನೂ ಜಾಸ್ತಿ. ಆ ಗಟ್ಟಿ ಕಾಲಿಂದ ಹೊರಟು ಶ್ವಾಸಕೋಶದಲ್ಲಿ ಸಿಕ್ಕಿಕೊಂಡ್ರೆ ಜೀವಕ್ಕೇ ಸಂಚಕಾರ. ಹಾಸಿಗೆಯಲ್ಲೇ ಪಾದವನ್ನ ಮೇಲೆ ಕೆಳಗೆ ಆಡಿಸಿ ಅಂತ ಅವರು ಹತ್ತು ಸಲ ಹೇಳೋದು ಇದಕ್ಕೇ. ನೋಡೋಕೆ ಮಕ್ಕಳಾಟ.

ಕೆಲಸ ಶುರುವಾಗೋದು ಆಪರೇಷನ್‌ಗೆ ಮೊದಲೇ

2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಒಂದು ಪ್ರಯೋಗದ ಫಲಿತಾಂಶ ಬಂತು. ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್‌ಗೆ ಹೋಗ್ತಿದ್ದ 441 ಜನರನ್ನ ಎರಡು ಗುಂಪು ಮಾಡಿದ್ರು. ಎಲ್ಲರಿಗೂ ಒಂದು ಕಿರುಪುಸ್ತಕ ಸಿಕ್ತು. ಒಂದು ಗುಂಪಿಗೆ ಮಾತ್ರ, ಆಪರೇಷನ್‌ಗೆ ಮೊದಲು ಫಿಸಿಯೊಥೆರಪಿಸ್ಟ್ ಜೊತೆ 30 ನಿಮಿಷದ ಒಂದೇ ಒಂದು ಭೇಟಿ. ಎಚ್ಚರ ಆದ ತಕ್ಷಣ ಯಾಕೆ ಆಳವಾಗಿ ಉಸಿರಾಡಬೇಕು, ಹೇಗೆ ಅಂತ ಹೇಳಿಕೊಟ್ಟು ಮಾಡಿಸಿದ್ರು, ಅಷ್ಟೇ. ಆಮೇಲೆ ಶ್ವಾಸಕೋಶದ ತೊಂದರೆ ಪುಸ್ತಕ ಮಾತ್ರ ಸಿಕ್ಕವರಲ್ಲಿ ಶೇ 27, ಭೇಟಿ ಸಿಕ್ಕವರಲ್ಲಿ ಶೇ 12. ದುಬಾರಿ ಮೆಷಿನ್ ಇಲ್ಲ, ಹೊಸ ಔಷಧಿ ಇಲ್ಲ. ಅರ್ಧ ಗಂಟೆಯ ಮಾತು.

ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ನೀವೂ ನೋಡಿರ್ತೀರಿ. ಸ್ಪೈರೋಮೀಟರ್ ಅಂತಾರೆ. ಕೈಗೆ ಸಿಕ್ಕ ತಕ್ಷಣ ಹತ್ತರಲ್ಲಿ ಎಂಟು ಜನ ಮಾಡೋದು ಏನು ಗೊತ್ತಾ? ಬುಸ್ ಅಂತ ಊದೋದು. ನಾನೂ ಊದಿದ್ದೆ. ಅದು ಊದೋದಲ್ಲ, ಎಳೆಯೋದು. ಎಳನೀರು ಸ್ಟ್ರಾದಲ್ಲಿ ಹೀರೋ ಹಾಗೆ ನಿಧಾನವಾಗಿ ಗಾಳಿ ಎಳೆದು, ಚೆಂಡನ್ನ ಮೇಲೆ ಹಿಡಿದು ನಿಲ್ಲಿಸಬೇಕು. ಮೂರೂ ಚೆಂಡು ಟಕ್ ಅಂತ ಹಾರಿಸೋದು ಸಾಧನೆ ಅಲ್ಲ. ಎಷ್ಟು ಹೊತ್ತು ಮೇಲಿದ್ದವು ಅನ್ನೋದು ಮುಖ್ಯ.

ಎಬ್ಬಿಸೋಕೆ ಮೊದಲು ಏನು ನೋಡ್ತಾರೆ?

ಬಂದರು, ಎಬ್ಬಿಸಿದರು, ಹೋದರು ಅಂತ ನಮಗೆ ಕಾಣುತ್ತೆ. ಅದಕ್ಕೆ ಮೊದಲು ಫೈಲ್ ಓದಿರ್ತಾರೆ. ಬಿಪಿ ಎಷ್ಟು, ಬಿಪಿ ನಿಲ್ಲಿಸೋಕೆ ಔಷಧಿ ಡ್ರಿಪ್‌ನಲ್ಲಿ ಹೋಗ್ತಿದೆಯಾ, ಆಕ್ಸಿಜನ್ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ನೋವಿನ ಮಾತ್ರೆ ಯಾವಾಗ ಕೊಟ್ಟಿದ್ದಾರೆ. ಕ್ಯಾನ್ಸರ್ ಮೂಳೆಗೆ ಹರಡಿದ್ಯಾ ಅಂತ ಸ್ಕ್ಯಾನ್ ನೋಡ್ತಾರೆ, ಯಾಕಂದ್ರೆ ಅಂಥ ಮೂಳೆ ಭಾರ ಬಿಟ್ಟರೆ ಮುರಿಯಬಹುದು. ದೊಡ್ಡಪ್ಪನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ಕೂರಿಸಿದ ಮೂಳೆಗೆ ರಕ್ತ ಹೋಗೋ ನಾಳವನ್ನ ಕುತ್ತಿಗೆಯಲ್ಲಿ ಹೊಲಿದಿರ್ತಾರೆ. ಕುತ್ತಿಗೆ ತಪ್ಪಾಗಿ ತಿರುಗಿದ್ರೆ ಅದು ಮಡಚಿಕೊಂಡು ಹತ್ತು ಗಂಟೆಯ ಕೆಲಸ ನೀರುಪಾಲು. ಹಾಗಾಗಿ ಎಷ್ಟು ತಿರುಗಿಸಬಹುದು, ಕಾಲಿನ ಮೇಲೆ ಎಷ್ಟು ಭಾರ ಬಿಡಬಹುದು ಅನ್ನೋದನ್ನ ಮೊದಲು ಸರ್ಜನ್ ಹತ್ರ ಕೇಳ್ಕೊಂಡೇ ಬಂದಿದ್ರು.

ಆಮೇಲೆ ಹಂತ ಹಂತ. ಮಗ್ಗುಲಾಗೋದು, ಕಾಲು ಇಳಿಬಿಟ್ಟು ಕೂರೋದು. ಅಲ್ಲೇ ಎರಡು ನಿಮಿಷ ತಲೆ ತಿರುಗುತ್ತಾ ನೋಡೋದು. ನಿಲ್ಲೋದು. ನಾಲ್ಕು ಹೆಜ್ಜೆ, ಕುರ್ಚಿ. ಆ ದಿನ ದೊಡ್ಡಪ್ಪ ನಿಂತಿದ್ದು ಸುಮಾರು ಮುಕ್ಕಾಲು ನಿಮಿಷ. ಮಾತು ಬರ್ತಿರಲಿಲ್ಲ, ಕೂತ ಮೇಲೆ ನೋಟ್‌ಬುಕ್ಕಲ್ಲಿ ಬರೆದ್ರು: 'ತೋಟಕ್ಕೆ ಯಾವಾಗ?'

ಕ್ಯಾನ್ಸರ್ ಎಲ್ಲೋ, ನೋವು ಇನ್ನೆಲ್ಲೋ

ಬಾಯಿ ಕ್ಯಾನ್ಸರ್‌ನಲ್ಲಿ ಕುತ್ತಿಗೆಯ ಗಂಟುಗಳನ್ನೂ ತೆಗೀತಾರೆ. ಅಲ್ಲೇ ಭುಜ ಎತ್ತೋ ಮಾಂಸಖಂಡಕ್ಕೆ ಹೋಗೋ ಒಂದು ನರ ಹಾದುಹೋಗುತ್ತೆ. ನರವನ್ನ ಉಳಿಸಿದ್ರೂ ಅದು ಎಳೆದಾಡಿ ಸುಸ್ತಾಗಿರುತ್ತೆ. ಫಲ, ಭುಜ ಜೋತುಬೀಳುತ್ತೆ. ಅಂಗಿ ತೋಳಿಗೆ ಕೈ ಹಾಕೋಕೆ, ತಲೆ ಬಾಚೋಕೆ ಆಗಲ್ಲ. ಕ್ಯಾನ್ಸರ್ ಭುಜಕ್ಕೂ ಬಂತಾ ಅಂತ ರೋಗಿ ಒಳಗೊಳಗೇ ಹೆದರಿರ್ತಾನೆ. ಅದು ನರದ ತೊಂದರೆ, ವ್ಯಾಯಾಮದಿಂದ ಎಷ್ಟೋ ಸುಧಾರಿಸುತ್ತೆ ಅಂತ ಯಾರಾದ್ರೂ ಕೂತು ಹೇಳಬೇಕು. ಹೆಚ್ಚಿನ ಸಲ ಅದನ್ನ ಹೇಳೋದು ಫಿಸಿಯೊಥೆರಪಿಸ್ಟೇ.

ಸ್ತನ ಕ್ಯಾನ್ಸರ್ ಆಪರೇಷನ್‌ನಲ್ಲಿ ಕಂಕುಳಿನ ಗಂಟು ತೆಗೆದ ಮೇಲೆ ಕೈ ಮೇಲಕ್ಕೆ ಏಳಲ್ಲ. ಗೋಡೆ ಮೇಲೆ ಬೆರಳಿಂದ ಹತ್ತೋ ವ್ಯಾಯಾಮ ಹೇಳಿಕೊಡ್ತಾರೆ. ಇದು ಜಡೆ ಹಾಕ್ಕೊಳ್ಳೋದಕ್ಕಷ್ಟೇ ಅಲ್ಲ. ರೇಡಿಯೇಷನ್ ಕೊಡುವಾಗ ಕೈಯನ್ನ ತಲೆ ಮೇಲೆ ಎತ್ತಿ ಅಲ್ಲಾಡದೆ ಮಲಗಬೇಕು. ಭುಜ ಬಗ್ಗದಿದ್ರೆ ಚಿಕಿತ್ಸೆಯೇ ತಡ ಆಗಬಹುದು.

ಇನ್ನು ಕೈ ಊತ. ಹಿಂದೆ ಆ ಕೈಯಲ್ಲಿ ಜೀವಮಾನ ಪೂರ್ತಿ ಭಾರ ಎತ್ತಲೇಬಾರದು ಅಂತಿದ್ರು. 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಪ್ರಯೋಗ ಆ ನಂಬಿಕೆಯನ್ನ ಅಲ್ಲಾಡಿಸಿತು. ತರಬೇತಿ ಪಡೆದವರ ಕಣ್ಗಾವಲಲ್ಲಿ, ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸಿದ್ರೆ ಊತ ಜಾಸ್ತಿ ಆಗಲಿಲ್ಲ. ಊತ ಕೆರಳೋ ಸಂದರ್ಭಗಳು ಕಮ್ಮಿಯೇ ಆದವು. ಬಿಂದಿಗೆ ಎತ್ತಿ, ಮಗು ಎತ್ತಿ ಬದುಕೋ ಹೆಂಗಸಿಗೆ ಇದೆಷ್ಟು ದೊಡ್ಡ ವಿಷಯ ಯೋಚಿಸಿ.

ಕಸಿ ವಾರ್ಡು: ಹೊಸ ಅಂಗ, ಹಳೇ ದೇಹ

ಅದೇ ಫಿಸಿಯೊಥೆರಪಿಸ್ಟ್ ಮಧ್ಯಾಹ್ನ ಎರಡು ಮಹಡಿ ಕೆಳಗಿನ ಟ್ರಾನ್ಸ್‌ಪ್ಲಾಂಟ್ ವಾರ್ಡಿಗೆ ಹೋಗ್ತಿದ್ರು. ಅಲ್ಲಿ ಸೋಂಕಿನ ಭಯ ಹೆಚ್ಚು. ಹೊಸ ಅಂಗವನ್ನ ದೇಹ ತಿರಸ್ಕರಿಸಬಾರದು ಅಂತ ರೋಗನಿರೋಧಕ ಶಕ್ತಿಯನ್ನ ಔಷಧಿಯಿಂದ ತಗ್ಗಿಸಿರ್ತಾರೆ. ಹಾಗಾಗಿ ಮಾಸ್ಕ್, ಕೈ ತೊಳೆಯೋದರಲ್ಲಿ ರಾಜಿ ಇಲ್ಲ.

ಲಿವರ್ ಕಾಯುತ್ತಿರೋರನ್ನ ನೋಡಿದ್ರೆ ಹೊಟ್ಟೆ ನೀರು ತುಂಬಿ ದಪ್ಪ, ಕೈಕಾಲು ಕಡ್ಡಿ. ಇಲ್ಲೊಂದು ಸ್ವಾರಸ್ಯ ಇದೆ. ರಕ್ತದ ಅಮೋನಿಯಾ ತೆಗೆಯೋದು ಲಿವರ್ ಕೆಲಸ. ಲಿವರ್ ಕೈಕೊಟ್ಟಾಗ ಆ ಕೆಲಸದಲ್ಲಿ ಒಂದು ಪಾಲನ್ನ ಮಾಂಸಖಂಡ ಹೊರುತ್ತೆ. ಮಾಂಸಖಂಡವೂ ಕರಗಿದ್ರೆ ಅಮೋನಿಯಾ ಏರಿ ತಲೆ ಮಂಕಾಗೋದು ಹೆಚ್ಚಾಗಬಹುದು. ಹಾಗಾಗಿ ಕುರ್ಚಿಯಿಂದ ಐದು ಸಲ ಎದ್ದು ಕೂರಿಸಿ ಸಮಯ ನೋಡೋದು, ಕೈ ಹಿಡಿತ ಅಳೆಯೋದು ಸುಮ್ಮನೆ ಅಲ್ಲ. ತೀರಾ ಬಳಲಿದ ದೇಹ ಆಪರೇಷನ್ ತಡ್ಕೊಳ್ಳಲ್ಲ ಅನ್ನಿಸಿದ್ರೆ ಕಸಿಯನ್ನೇ ಮುಂದೂಡಬೇಕಾಗುತ್ತೆ.

ಜೀವಂತ ದಾನಿಯನ್ನ ಎಲ್ಲರೂ ಮರೀತಾರೆ. ನಮ್ಮಲ್ಲಿ 1994ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಹತ್ತಿರದ ಸಂಬಂಧಿಯೇ ಕೊಡೋದು: ಹೆಂಡತಿ, ಮಗ, ತಂಗಿ. ಏನೂ ಕಾಯಿಲೆ ಇಲ್ಲದ ಮನುಷ್ಯ ಬೆಳಗಾಗೋದರಲ್ಲಿ ಹೊಟ್ಟೆ ತುಂಬ ಹೊಲಿಗೆ ಹಾಕಿಸ್ಕೊಂಡು ಮಲಗಿರ್ತಾನೆ. ನೆಂಟರೆಲ್ಲ ಪಕ್ಕದ ರೂಮಲ್ಲಿ. ಅವರಿಗೂ ಉಸಿರಾಟದ ವ್ಯಾಯಾಮ, ನಡಿಗೆ, ದಿಂಬು ಒತ್ತಿ ಕೆಮ್ಮೋದು ಎಲ್ಲಾ ಬೇಕು.

ಕಿಡ್ನಿ ಕಸಿ ಆದವರಲ್ಲಿ ಹೊಸ ಕಿಡ್ನಿ ಇರೋದು ಬೆನ್ನಲ್ಲಲ್ಲ, ಕಿಬ್ಬೊಟ್ಟೆಯಲ್ಲಿ. ಹಳೇವನ್ನ ಸಾಮಾನ್ಯವಾಗಿ ಹಾಗೇ ಬಿಟ್ಟಿರ್ತಾರೆ. ಏಳೋಕೆ, ಬಗ್ಗೋಕೆ ಹೊಸದಾಗಿ ಕಲೀಬೇಕು. ಸ್ಟೆರಾಯ್ಡ್ ದೀರ್ಘಕಾಲ ತಗೊಂಡವರಲ್ಲಿ ತೊಡೆ ಸೋಲುತ್ತೆ. ಮೆಟ್ಟಿಲು ಹತ್ತೋದು, ಇಂಡಿಯನ್ ಟಾಯ್ಲೆಟ್‌ನಿಂದ ಏಳೋದು ಕಷ್ಟ ಆಗುತ್ತೆ.

ನನಗೆ ಅತಿ ಆಶ್ಚರ್ಯ ಆಗಿದ್ದು ಹೃದಯ ಕಸಿ. ಭಾರತದಲ್ಲಿ ಮೊದಲ ಯಶಸ್ವಿ ಹೃದಯ ಕಸಿ ಆಗಿದ್ದು 1994ರ ಆಗಸ್ಟ್ 3ರಂದು, ದೆಹಲಿಯ ಏಮ್ಸ್‌ನಲ್ಲಿ, ಡಾ. ಪಿ. ವೇಣುಗೋಪಾಲ್ ನೇತೃತ್ವದಲ್ಲಿ. ಕಸಿಯಲ್ಲಿ ರಕ್ತನಾಳ ಹೊಲೀತಾರೆ, ನರಗಳನ್ನ ಜೋಡಿಸೋಕೆ ಆಗಲ್ಲ. ನಾವು ಓಡಿದ್ರೆ ಮಿದುಳು ನರದ ಮೂಲಕ ಹೃದಯಕ್ಕೆ ತಕ್ಷಣ ಹೇಳುತ್ತೆ: ಬೇಗ ಬಡಿ. ಹೊಸ ಹೃದಯಕ್ಕೆ ಆ ಫೋನ್ ಲೈನ್ ಇಲ್ಲ. ರಕ್ತದಲ್ಲಿ ಅಡ್ರಿನಲಿನ್ ಏರಿ ಬರೋವರೆಗೆ ಕಾಯಬೇಕು. ಸುಮ್ಮನೆ ಕೂತಿದ್ರೂ ಬಡಿತ ಸ್ವಲ್ಪ ಜೋರಾಗೇ ಇರುತ್ತೆ. ವ್ಯಾಯಾಮದಲ್ಲಿ ನಿಧಾನವಾಗಿ ಏರುತ್ತೆ, ನಿಲ್ಲಿಸಿದ ಮೇಲೂ ನಿಧಾನವಾಗೇ ಇಳಿಯುತ್ತೆ. ಹಾಗಾಗಿ ನಾಡಿ ಒಂದನ್ನೇ ನಂಬೋಕಾಗಲ್ಲ. ಎಷ್ಟು ಕಷ್ಟ ಆಗ್ತಿದೆ ಅಂತ ರೋಗಿಯನ್ನೇ ಕೇಳಿ ಅಂಕಿ ಹೇಳಿಸ್ತಾರೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 6ರಿಂದ 20ರವರೆಗಿನ ಅಳತೆ ಅದು. ವ್ಯಾಯಾಮದ ಶುರು ಮತ್ತು ಮುಕ್ತಾಯ ಎರಡನ್ನೂ ಉದ್ದ ಮಾಡ್ತಾರೆ.

ಶ್ವಾಸಕೋಶ ಕಸಿಯಲ್ಲೂ ಇದೇ ಕಥೆ. ನರ ಕತ್ತರಿಸಿರೋದರಿಂದ ಒಳಗೆ ಕಫ ಕಟ್ಟಿದ್ರೂ ಕೆಮ್ಮು ಬಾರದೇ ಇರಬಹುದು. ಕೆಮ್ಮು ಬರಲಿ ಅಂತ ಕಾಯೋ ಹಾಗಿಲ್ಲ, ಗಡಿಯಾರ ನೋಡಿ ಕೆಮ್ಮಬೇಕು.

ಅಸ್ಥಿಮಜ್ಜೆ ಕಸಿ ಆದವರದು ವಾರಗಟ್ಟಲೆ ಒಂದೇ ಕೋಣೆಯ ವಾಸ. ಅಲ್ಲಿ ದಿನದ ವ್ಯಾಯಾಮ ನಿರ್ಧಾರ ಆಗೋದು ಬೆಳಗಿನ ರಕ್ತಪರೀಕ್ಷೆಯಿಂದ. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದೂವರೆ ಲಕ್ಷದ ಮೇಲಿರಬೇಕು. ಇವರಲ್ಲಿ ಅದು 20,000ಕ್ಕಿಂತ ಕೆಳಗೆ ಇಳಿಯೋದುಂಟು. ಆಗ ಭಾರ ಎತ್ತಿಸಿದ್ರೆ, ಬಿದ್ರೆ ಒಳಗೇ ರಕ್ತಸ್ರಾವ ಆಗಬಹುದು. ಅವತ್ತು ಹಗುರವಾಗಿ ಕೈಕಾಲು ಆಡಿಸೋದು, ಕುರ್ಚಿಯಲ್ಲಿ ಕೂರೋದು ಅಷ್ಟೇ.

ಎಲ್ಲರೂ ನಡ್ಕೊಂಡು ಮನೆಗೆ ಹೋಗಲ್ಲ

ನಮ್ಮ ರಾಜ್ಯದಲ್ಲಿ ಮೃತ ದಾನಿಗಳ ಅಂಗಾಂಗ ಹಂಚಿಕೆ ನೋಡ್ಕೊಳ್ಳೋದು ಜೀವಸಾರ್ಥಕತೆ ಸಂಸ್ಥೆ. ಅಲ್ಲಿ ಹೆಸರು ಬರೆಸಿ ಕಾಯೋರಿಗೆ ಇವರೇ ವ್ಯಾಯಾಮ ಹೇಳಿಕೊಡೋದು. ಒಬ್ಬ ರೋಗಿ ದಿನಾ ಕಾರಿಡಾರಿನ ಉದ್ದಕ್ಕೂ ನಡೆದು ಗೋಡೆ ಮುಟ್ಟಿ ಬರ್ತಿದ್ರಂತೆ. ಲಿವರ್ ಬರಲಿಲ್ಲ. ಮಾರನೇ ದಿನ ಆ ಗೋಡೆ ತನಕ ಇನ್ನೊಬ್ಬರನ್ನ ನಡೆಸಬೇಕಾಗಿತ್ತು ಅಂದ್ರು. ಅಷ್ಟು ಹೇಳಿ ಚಹಾ ಕಡೆ ನೋಡ್ತಾ ಕೂತ್ರು. ನಾನು ರೆಕಾರ್ಡರ್ ನಿಲ್ಲಿಸಿದೆ.

ಗುಣ ಆಗಲ್ಲ ಅಂತ ಗೊತ್ತಾದ ಮೇಲೂ ಇವರ ಕೆಲಸ ನಿಲ್ಲಲ್ಲ, ಗುರಿ ಬದಲಾಗುತ್ತೆ. ಅಷ್ಟು ಮೀಟರ್ ನಡೀರಿ ಅನ್ನೋದು ಹೋಗಿ, ಕೂತು ಊಟ ಮಾಡೋ ಹಾಗೆ, ಯಾರ ಹೆಗಲೂ ಹಿಡಿಯದೆ ಬಚ್ಚಲಿಗೆ ಹೋಗೋ ಹಾಗೆ, ಏದುಸಿರು ಕಮ್ಮಿ ಆಗೋ ಹಾಗೆ ನೋಡ್ಕೋತಾರೆ. ಮರ್ಯಾದೆಯಿಂದ ಇರೋದೂ ಒಂದು ಚಿಕಿತ್ಸೆಯೇ.

2021ರಲ್ಲಿ ಕೇಂದ್ರ ಸರ್ಕಾರ ಫಿಸಿಯೊಥೆರಪಿಯೂ ಸೇರಿ ಅನೇಕ ಆರೋಗ್ಯ ವೃತ್ತಿಗಳಿಗೆ ಒಂದು ರಾಷ್ಟ್ರೀಯ ಆಯೋಗದ ಕಾನೂನು ತಂತು. ಕಾನೂನು ಬಂದಷ್ಟು ಬೇಗ ನಮ್ಮ ಮನಸ್ಸು ಬದಲಾಗಿಲ್ಲ. ಬಿಲ್ಲಿನಲ್ಲಿ 'ಫಿಸಿಯೊ' ಅನ್ನೋ ಸಾಲು ನೋಡಿ, ಇದೊಂದು ಬಿಟ್ರೆ ದುಡ್ಡು ಉಳಿಯುತ್ತಲ್ಲ ಅಂತ ನಾನೇ ಲೆಕ್ಕ ಹಾಕಿದ್ದೆ.

ನೀವು ಆಸ್ಪತ್ರೆಯಲ್ಲಿ ಜೊತೆಗಿರೋರಾದ್ರೆ

ಮೊದಲು, ಆಪರೇಷನ್‌ಗೆ ಮುಂಚೆಯೇ ಫಿಸಿಯೊಥೆರಪಿಸ್ಟ್ ನೋಡ್ತಾರಾ ಅಂತ ಕೇಳಿ. ವ್ಯಾಯಾಮದ ಹೊತ್ತಿಗೆ ನೋವು ಹತೋಟಿಯಲ್ಲಿ ಇರೋ ಹಾಗೆ ಮಾತ್ರೆಯ ಸಮಯದ ಬಗ್ಗೆ ನರ್ಸ್ ಹತ್ರ ಮಾತಾಡಿ. ಅವರು ಹೇಳಿಕೊಟ್ಟಿದ್ದನ್ನ, ರೋಗಿ ಒಪ್ಪಿದ್ರೆ, ಫೋನಲ್ಲಿ ವಿಡಿಯೊ ಮಾಡ್ಕೊಳ್ಳಿ, ಮನೆಗೆ ಹೋದ ಮೇಲೆ ನೆನಪಿರಲ್ಲ. ಯೂಟ್ಯೂಬ್ ನೋಡಿ ನೀವೇ ಹೊಸದು ಸೇರಿಸಬೇಡಿ. ಎದೆನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟೋದು, ತಲೆ ಸುತ್ತೋದು, ಒಂದೇ ಕಾಲು ಊದಿ ನೋಯೋದು, ಹೊಲಿಗೆಯಿಂದ ರಕ್ತ, ಇವು ಕಂಡ್ರೆ ವ್ಯಾಯಾಮ ನಿಲ್ಲಿಸಿ, ತಕ್ಷಣ ವೈದ್ಯರಿಗೆ ಹೇಳಿ.

ಮತ್ತೆ, ಮನೆಗೆ ಹೋದ ಮೇಲೂ ಬಿಡಬೇಡಿ. ನನ್ನ ಎರಡನೇ ತಪ್ಪು ಅದು. ಡಿಸ್ಚಾರ್ಜ್ ದಿನ ಅವರು ಐಸ್‌ಕ್ರೀಮ್ ಕಡ್ಡಿಗಳ ಕಟ್ಟು ಕೊಟ್ಟಿದ್ರು. ಡಾಕ್ಟರ್ ಒಪ್ಪಿದ ಮೇಲೆ ಹಲ್ಲಿನ ಮಧ್ಯೆ ಒಂದರ ಮೇಲೊಂದು ಇಟ್ಟು ಬಾಯಿ ಅಗಲಿಸೋ ವ್ಯಾಯಾಮ. ರೇಡಿಯೇಷನ್ ನಡೆಯುವಾಗ, ಮುಗಿದ ಮೇಲೆ ತಿಂಗಳುಗಟ್ಟಲೆ, ದಿನಕ್ಕೆ ಹಲವು ಸಲ ಮಾಡಬೇಕು ಅಂದಿದ್ರು. ಸಾಮಾನ್ಯವಾಗಿ ನಮ್ಮದೇ ಮೂರು ಬೆರಳು ನಿಲ್ಲಿಸಿ ಇಡುವಷ್ಟು ಬಾಯಿ ತೆರೆಯುತ್ತೆ. 35 ಮಿಲಿಮೀಟರಿಗಿಂತ ಕಮ್ಮಿ ಆದ್ರೆ ತೊಂದರೆ ಅಂತ ಲೆಕ್ಕ. ರೇಡಿಯೇಷನ್ನಿಂದ ಬಾಯೊಳಗೆಲ್ಲ ಹುಣ್ಣಾಗಿತ್ತು, ಊರಲ್ಲಿ ಕೊನೆಕೊಯ್ಲು ಬಂತು. ಪಾಪ, ನಾಳೆ ಮಾಡಿದ್ರಾಯ್ತು ಅಂದ್ವಿ. ಅವರು ನಡೀತಿದ್ದಿದ್ದು ಎಲ್ಲರ ಕಣ್ಣಿಗೂ ಕಾಣ್ತಿತ್ತು, ಬಾಯಿ ದಿನಾ ಒಂಚೂರು ಮುಚ್ಚಿಕೊಳ್ತಿದ್ದಿದ್ದು ಯಾರಿಗೂ ಕಾಣಲಿಲ್ಲ.

ಈಗ ದೊಡ್ಡಪ್ಪ ದಿನಾ ತೋಟ ಸುತ್ತಿ ಬರ್ತಾರೆ. ಬಾಯಿ ಒಂದೂವರೆ ಬೆರಳಷ್ಟೇ ತೆರೆಯುತ್ತೆ. ಅಕ್ಕಿರೊಟ್ಟಿ ಅಂದ್ರೆ ಪ್ರಾಣ ಬಿಡ್ತಿದ್ದ ಮನುಷ್ಯ, ಗಂಜಿ ಮತ್ತು ಕಿವುಚಿದ ಅನ್ನ ತಿಂತಾರೆ. ಮತ್ತೆ ಕಡ್ಡಿ ಶುರು ಮಾಡಿದ್ದೀವಿ. ಗಟ್ಟಿಯಾದ ಮೇಲೆ ಅದು ನಿಧಾನ. ಹೋದ ತಿಂಗಳು ಏಳು ಕಡ್ಡಿ ಹಿಡೀತಿತ್ತು, ಈ ತಿಂಗಳು ಎಂಟು. ಪ್ರತಿ ಭಾನುವಾರ ನಾನು ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ: ಇವತ್ತು ಎಷ್ಟು ಕಡ್ಡಿ?

ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಇಂಥ ಆಪರೇಷನ್ ಇದ್ರೆ ಇದನ್ನ ಅವರ ಜೊತೆಗಿರೋರಿಗೆ ಕಳಿಸಿ.